ಅಣ್ಣನನ್ನು ಪಡುಬದಿಗೆ ಕಳಿಸಿದ್ದು

ಶುಕ್ರವಾರ ಬಂತೆಂದರೆ ನನಗೆ ಬೆಳಗ್ಗಿನಿಂದಲೇ ತಲೆಬಿಸಿ. ಊರಿಗೆಲ್ಲ ರಜೆ, ನಮಗೆ ಮಾತ್ರ ಅಂದೇ ಮೈಮುರಿಯುವ ಕೆಲಸ. ಚಳಿಗಾಲದಲ್ಲಿ ಕುವೈತಿನವರು ಮರುಭೂಮಿಯಲ್ಲಿ ಡೇರೆ ಹಾಕಿ ಕೂರುತ್ತಾರೆ. ಡೇರೆ ಇಲ್ಲದವರು ಬಗ್ಗಿ ಓಡಿಸಲು ನಮ್ಮ ಯಾರ್ಡಿಗೆ ಬರುತ್ತಾರೆ. ಬಗ್ಗಿ ಎಂದರೆ ಬೈಕಿನ ಹಾಗೆ ಹ್ಯಾಂಡಲ್ ಇರುವ, ದಪ್ಪ ಟೈರಿನ ನಾಲ್ಕು ಗಾಲಿಯ ಗಾಡಿ. ದಿಬ್ಬದ ಆಚೆಯಿಂದ ಬರುವವನಿಗೆ ಕಾಣಲಿ ಎಂದು ಹಿಂದೆ ಉದ್ದ ಕೋಲಿಗೆ ಕೆಂಪು ಬಾವುಟ ಕಟ್ಟಿರುತ್ತೇವೆ. ಬಾಡಿಗೆಗೆ ಕೊಡುವುದು, ವಾಪಸು ತೆಗೆದುಕೊಳ್ಳುವುದು, ಮುರಿದದ್ದನ್ನು ರಿಪೇರಿ ಮಾಡುವುದು ನನ್ನ ಕೆಲಸ.

ಮುರಿಯದೆ ಬರುವುದು ಅಪರೂಪ. ಒಬ್ಬ ದಿಬ್ಬದ ತುದಿಯಿಂದ ಹಾರಿಸುತ್ತಾನೆ. ಇನ್ನೊಬ್ಬ ಮೆದು ಮರಳಿನಲ್ಲಿ ಸಿಕ್ಕಿಕೊಂಡು ಬೆಲ್ಟು ಸುಟ್ಟ ವಾಸನೆ ಬರುವವರೆಗೆ ಎಕ್ಸಿಲರೇಟರ್ ಹಿಂಡುತ್ತಾನೆ. ಮತ್ತೊಬ್ಬ ಪೆಟ್ರೋಲು ಮುಗಿದಲ್ಲೇ ಗಾಡಿ ಬಿಟ್ಟು ಗೆಳೆಯರ ಜೀಪು ಹತ್ತಿ ಹೊರಡುತ್ತಾನೆ. ಹೋಗುವಾಗ ಯಾರ್ಡಿನ ಮುಂದೆ ಜೀಪು ನಿಧಾನ ಮಾಡಿ, ಕಿಟಕಿಯಿಂದ ಕೈ ಹೊರಗೆ ಹಾಕಿ, "ಬಗ್ಗಿ ಹುನಾಕ್!" ಎಂದು ಮರುಭೂಮಿಯ ಕಡೆ ತೋರಿಸುತ್ತಾನೆ. ಹುನಾಕ್ ಎಂದರೆ ಅಲ್ಲಿ. ಅಲ್ಲಿ ಎಂದರೆ ಎಲ್ಲಿ? ಅವನ ಬೆರಳಿನ ತುದಿಯಿಂದ ಹಿಡಿದು ಸೌದಿ ಗಡಿಯವರೆಗೂ ಅಲ್ಲಿಯೇ. ಹುಡುಕಿ ತರಬೇಕಾದವರು ನಾವು.

ಯಾರ್ಡಿನ ಮುಂದೆ ದಕ್ಷಿಣಕ್ಕೆ ಹೋಗುವ ಹೆದ್ದಾರಿ, ಹೆದ್ದಾರಿಯ ಆಚೆ ಸಮುದ್ರ, ನಮ್ಮ ಬೆನ್ನ ಹಿಂದೆ ಮರಳು. ಈ ಮರಳು ಯಾರ ಸ್ವಂತದ್ದೂ ಅಲ್ಲ, ಸರಕಾರದ್ದು. ಹಾಗಾಗಿ ಯಾರು ಬೇಕಾದರೂ ಉಳಬಹುದು. ನಾನು ಬಂದ ಹೊಸತರಲ್ಲಿ ಎರಡು ಮಳೆ ಬಿದ್ದರೆ ಯಾರ್ಡಿನ ಹಿಂದೆ ಮೊಣಕಾಲೆತ್ತರದ ಪೊದೆಗಳು ಹಳದಿ ಹೂ ಬಿಡುತ್ತಿದ್ದವು. ಅವುಗಳನ್ನು ಗುರುತು ಇಟ್ಟುಕೊಂಡು ನಾವು ಓಡಾಡುತ್ತಿದ್ದೆವು. ಈಗ ಒಂದೂ ಇಲ್ಲ. ಒಳಗೆ ದೂರದಲ್ಲಿ ತೈಲಬಾವಿಗಳ ಬೇಲಿಯ ಆಚೆ ಮಾತ್ರ ಇವೆ, ಅಲ್ಲಿಗೆ ಗಾಡಿ ಬಿಡುವುದಿಲ್ಲ. ಈಚೆ ಬದಿ ಬರೀ ಗಾಲಿ ಗುರುತು. ಗುರುತಿನ ಮೇಲೆ ಗುರುತು, ಅದನ್ನು ಅಡ್ಡ ಕಡಿಯುವ ಇನ್ನೊಂದು ಗುರುತು. ಯಾವುದನ್ನು ಹಿಡಿದು ಹೋದರೂ ಎಲ್ಲಿಗೂ ಹೋಗುವುದಿಲ್ಲ. ಹೀಗೆ ಮಾಡಿದ್ದು ನಮ್ಮದೇ ಬಗ್ಗಿಗಳು. ಅದನ್ನು ನೋಡಿ ಸಿಟ್ಟು ಬಂದರೆ ಯಾರ ಮೇಲೆ ತೀರಿಸಿಕೊಳ್ಳುವುದು?

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಣ್ಣ ನಾಲ್ಕನೆಯದಕ್ಕೇ ಬಿಟ್ಟು ಬೋಟಿಗೆ ಹೋದವನು. ಕುಂದಾಪುರದ ಕಡೆ ನಮ್ಮ ಮನೆ, ಅಂಗಳದಿಂದ ಕಲ್ಲು ಬೀಸಿದರೆ ಕಡಲಿಗೆ ಬೀಳಬೇಕು. ಅಣ್ಣ ಮೀನಿನ ಬೋಟಿನಲ್ಲಿ ಅಡುಗೆ ಮಾಡಿಕೊಂಡಿದ್ದವನು ಬಲೆ ಎಳೆಯುವವನಾದ, ಆಮೇಲೆ ತಾಂಡೇಲನಾದ. ತಾಂಡೇಲ ಎಂದರೆ ಬೋಟು ನಡೆಸುವವನು. ಇಪ್ಪತ್ತಕ್ಕೂ ಹೆಚ್ಚು ಜನರ ಜೀವ ಅವನ ಕೈಯಲ್ಲಿ. ನಾನು ಕಡಲಿಗೆ ಇಳಿದವನಲ್ಲ, ಬೋಟು ಹತ್ತಿದರೆ ವಾಂತಿ. ಗ್ಯಾರೇಜಿನಲ್ಲಿ ಕೆಲಸ ಕಲಿತೆ, ಕುವೈತಿಗೆ ಬಂದೆ. ಅಣ್ಣನ ಬೋಟಿನ ಧಣಿ ಬೋಟು ಮಾರಿದಾಗ ಅವನನ್ನೂ ನನ್ನ ಕಫೀಲನ ವೀಸಾದ ಮೇಲೆ ಕರೆಸಿಕೊಂಡೆ. ಕಫೀಲ್ ಎಂದರೆ ನಮ್ಮ ಧಣಿ, ಇಲ್ಲಿರಲು ಬೇಕಾದ ಪರವಾನಗಿ, ನಮ್ಮ ಇಕಾಮಾ, ಅವನ ಹೆಸರಿನಲ್ಲಿ. ಬಗ್ಗಿ ಯಾರ್ಡೂ ಅವನದ್ದೇ, ಅರ್ದಿಯಾದಲ್ಲಿ ಡೇರೆ ಸಾಮಾನು ಇಡುವ ಗೋದಾಮೂ ಅವನದ್ದೇ.

ಅಣ್ಣ ಬಂದ ಮಾರನೆಯ ಬೆಳಿಗ್ಗೆ ಯಾರ್ಡಿನ ಮುಂದೆ ಬ್ರಶ್ ಮಾಡುತ್ತ ನಿಂತಿದ್ದ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಕೂಗಿದ.

"ಏ ತಮ್ಮ, ಇಲ್ಲಿ ಕಾಣ್. ಈ ಊರಗೆ ಸೂರ್ಯ ಕಡಲಂಗೆ ಹುಟ್ಟುದಾ?"

"ಹುಟ್ಲಿ. ನೀ ಮೊದ್ಲ್ ಬಾಯಿ ತೊಳಿ."

"ಅಲ್ಲ ಮಾರಾಯ, ಪೂರಾ ಉಲ್ಟಾ ಅಲ್ದಾ! ನಮ್ಮಲ್ಲ್ ಕಡಲಿಗೆ ಮುಳುಗುದ್, ಇಲ್ಲಿ ಕಡಲಂಗೆ ಏಳುದ್. ನೀ ಇಷ್ಟ್ ವರ್ಷ ಇದ್ದೂ ಒಂದಿನ ಹೇಳ್ಲಿಲ್ಲ."

ಹೇಳುವುದಕ್ಕೆ ನಾನು ನೋಡಿದ್ದರಲ್ಲವೇ? ಅಷ್ಟು ವರ್ಷ ಅದೇ ಅಂಗಳದಲ್ಲಿ ಎದ್ದು ಮಲಗಿದ್ದೆ. ನನ್ನ ಕಣ್ಣು ಯಾವತ್ತೂ ಗಾಡಿಯ ಮೇಲೆ, ತಪ್ಪಿದರೆ ಗಿರಾಕಿಯ ಮೇಲೆ. ನಮ್ಮ ಕಡೆ ಮನೆಯೊಳಗೂ ಪೂರ್ವಕ್ಕೆ ಮೂಡು, ಪಶ್ಚಿಮಕ್ಕೆ ಪಡು ಎಂದೇ ಮಾತು. ಉಪ್ಪಿನ ಭರಣಿ ಮೂಡುಬದಿಯ ಮೂಲೆಯಲ್ಲಿದೆ, ಚಾಪೆಯನ್ನು ಪಡುಬದಿಗೆ ಎಳೆ, ಹೀಗೆ. ಹೀಗಾಗಿ ಕಡಲೆಂದರೆ ಪಡು, ಪಡುವೆಂದರೆ ಸೂರ್ಯ ಮುಳುಗುವ ಬದಿ ಎಂಬುದು ಮೈಯಲ್ಲಿ ಕೂತುಬಿಟ್ಟಿತ್ತು. ಅದನ್ನು ತಿದ್ದಿಕೊಳ್ಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಣ್ಣ ಮೊದಲ ಬೆಳಿಗ್ಗೆಯೇ ತಿದ್ದಿಕೊಂಡ.

ಹೋದ ಚಳಿಗಾಲದ ಒಂದು ಶುಕ್ರವಾರ. ಯಾರ್ಡು ತುಂಬಿ ರಸ್ತೆಯವರೆಗೂ ಕಾರು ನಿಂತಿದ್ದವು. ಊಟವಾಗಿರಲಿಲ್ಲ. ಮೂರು ಹುಡುಗರು ಒಂದು ಹೊಸ ಬಗ್ಗಿಯನ್ನು ಎಲ್ಲೋ ಬಿಟ್ಟು ಬಂದು "ಹುನಾಕ್" ಎಂದು ಹೋದರು. ಕಫೀಲನಿಗೆ ಆ ಬಗ್ಗಿಯೆಂದರೆ ಜೀವ. ಅದನ್ನು ತರುವುದು ನನ್ನ ಕೆಲಸ, ಏಕೆಂದರೆ ಒಳಗಿನ ಜಾಗ ಗೊತ್ತಿದ್ದವನು ನಾನು. ಆದರೆ ನಾನು ಗಿರಾಕಿಗಳನ್ನು ಬಿಟ್ಟು ಹೋಗಲು ಮನಸ್ಸು ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಅಣ್ಣನ ಕೈಗೆ ಪೆಟ್ರೋಲ್ ಕ್ಯಾನು, ಹಗ್ಗ ಕೊಟ್ಟು ಹಳೇ ಬಗ್ಗಿಯಲ್ಲಿ ಕಳಿಸಿದೆ. ಅವನ ದೊಡ್ಡ ಫೋನು ಹಿಂದಿನ ವಾರ ಗಾಲಿಯಡಿ ಬಿದ್ದು ಪುಡಿಯಾಗಿತ್ತು. ಯಾರ್ಡಿನ ಹಳೇ ಬಟನ್ ಫೋನು ಜೇಬಿಗೆ ಹಾಕಿದೆ.

"ಹ್ಯಾಂಗೆ ಹೋಪುದ್?" ಎಂದು ಕೇಳಿದ.

"ಸೀದಾ ಒಳಗೆ ಹೋಗು. ಬಾವುಟ ಕಾಂತ್. ಬೇಗ ಬಾ."

ಅವನು ಹೋಗಿ ಸ್ವಲ್ಪ ಹೊತ್ತಿಗೆಲ್ಲ ಗುಬಾರ್ ಎದ್ದಿತು, ನಾವು ದೂಳುಗಾಳಿ ಎನ್ನುತ್ತೇವಲ್ಲ ಅದು. ಹೆದ್ದಾರಿಯ ದೀಪದ ಕಂಬಗಳು ಒಂದೊಂದಾಗಿ ಮಾಯವಾದವು. ಉಳಿದ ದಿನ ಬಡಗುಬದಿಯಲ್ಲಿ ಮೀನಾ ಅಲ್ ಅಹ್ಮದಿಯ ರಿಫೈನರಿಯ ಬೆಂಕಿ ಕಾಣುತ್ತದೆ, ಅಂದು ಅದೂ ಇಲ್ಲ. ಗಿರಾಕಿಗಳೆಲ್ಲ ಒಟ್ಟಿಗೆ ವಾಪಸು ಬಂದು ನನ್ನ ಮುಂದೆ ಕೂಗಾಡತೊಡಗಿದರು. ಗಾಳಿ ನಮ್ಮ ತಪ್ಪಂತೆ. ಆಗ ಫೋನು ಬಂತು.

"ತಮ್ಮ, ಬಗ್ಗಿ ಸಿಕ್ಲಿಲ್ಲ. ಎಂತದೂ ಕಾಂತಿಲ್ಲ. ನನ್ ಗಾಲಿ ಗುರ್ತೂ ಅಳ್ಸಿ ಹೋಯ್ತ್."

"ಸೂರ್ಯ ಕಾಂತಿಲ್ಯಾ?"

"ಕಾಂತಿತ್ತ್, ಮಸ್ಕ್ ಮಸ್ಕ್."

"ಹಾಂಗಾರೆ ಸೂರ್ಯ ಮುಳುಗೋ ಬದಿಗೆ ಮುಖ ಮಾಡಿ ಬಿಡು. ಕಡಲ್ ಆ ಬದಿಗಲ್ದಾ, ಮಧ್ಯ ರೋಡ್ ಸಿಕ್ತ್."

ಗಾಳಿಯ ಸದ್ದಿನ ನಡುವೆ ಅವನು ಕೇಳಿದ.

"ಮೂಡಿಗೆ ಹೋಪುದಲ್ದಾ ತಮ್ಮ? ನಂಗ್ ಮೂಡು ಅಂತ್ಲೇ ಕಾಂತ್."

ಇಲ್ಲಿ ನಿಂತು ಯೋಚಿಸಿದ್ದರೆ ಸಾಕಿತ್ತು. ತಲೆ ಎತ್ತಿದ್ದರೆ ಸಾಕಿತ್ತು, ರಸ್ತೆ ನನ್ನ ಮುಂದೆಯೇ ಇತ್ತು. ಒಬ್ಬ ಗಿರಾಕಿ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದ. ನನಗೆ ಅಣ್ಣನ ಮೇಲೆ ಸಿಟ್ಟು ಬಂತು.

"ಇದ್ ನಿನ್ ಬೋಟಲ್ಲ ಅಣ್ಣ! ಇಲ್ಲಿ ಹತ್ತ್ ವರ್ಷದಿಂದ ಇದ್ದದ್ದ್ ನಾನಾ ನೀನಾ? ಹೇಳಿದ್ದ್ ಕೇಳ್."

"ಆಯ್ತ್ ಆಯ್ತ್, ನೀ ಹೇಳ್ದ ಹಾಂಗೆ" ಎಂದ. ನನಗಿಂತ ಹನ್ನೊಂದು ವರ್ಷ ದೊಡ್ಡವನು, ಬಿರುಗಾಳಿಯಲ್ಲಿ ಬೋಟನ್ನು ಅಳಿವೆಯ ಒಳಗೆ ತಂದವನು, ನನ್ನ ಮಾತು ಕೇಳಿದ.

ಗಾಳಿ ಇಳಿಯುವಾಗ ಸಂಜೆಯಾಗಿತ್ತು. ಕೊನೆಯ ಕಾರು ಹೋದ ಮೇಲೆ ಬಾಗಿಲ ಬಳಿ ಬಕೆಟ್ ಬೋರಲು ಹಾಕಿಕೊಂಡು ಕೂತೆ. ಎದುರಿಗೆ ರಸ್ತೆ. ನನ್ನ ನೆರಳು ಉದ್ದವಾಗಿ ರಸ್ತೆಯ ಕಡೆಗೇ ಚಾಚಿಕೊಂಡಿತ್ತು. ಅದನ್ನು ಸುಮ್ಮನೆ ನೋಡುತ್ತಿದ್ದೆ. ನೆರಳು ಅತ್ತ ಬಿದ್ದಿದೆಯೆಂದರೆ ಸೂರ್ಯ ಇತ್ತ, ನನ್ನ ಬೆನ್ನಿಗೆ, ಮರಳಿನ ಕಡೆ. ಅಣ್ಣನಿಗೆ ಫೋನು ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. ಅವನು ಇಷ್ಟು ಹೊತ್ತೂ ರಸ್ತೆಗೆ ಬೆನ್ನು ಹಾಕಿ ಒಳಗೆ, ಇನ್ನೂ ಒಳಗೆ ಹೋಗುತ್ತಿದ್ದ. ನಾನು ಹೇಳಿದ ಹಾಗೆಯೇ.

ಯಾರ್ಡಿನ ಬಂಗಾಳಿ ಮೆಕ್ಯಾನಿಕ್ ಪಿಕಪ್ ಸ್ಟಾರ್ಟ್ ಮಾಡಿದ. "ಭಾಯಿ, ಕಿಧರ್ ಜಾನಾ ಹೈ?" ಎಂದು ಕೇಳಿದ. ಆಗ ನಾನೇ ಅವನನ್ನು ಪಡುಬದಿಗೆ ಕಳಿಸಿದ್ದೇನೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. "ಸೀದಾ ಒಳಗೆ ಹೋಗು, ಅವನು ದಿಕ್ಕು ತಪ್ಪಿರಬೇಕು" ಎಂದೆ. ತಪ್ಪಿರಬೇಕು ಎನ್ನುವ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬಂತೆಂದು ಈಗಲೂ ನನಗೆ ಹೇಸಿಗೆಯಾಗುತ್ತದೆ.

ನಾವು ಹುಡುಕಿದರೂ ಅವನು ಸಿಗಲಿಲ್ಲ. ಪೊಲೀಸಿನಿಂದಲೇ ಕಫೀಲನಿಗೆ ಫೋನು ಬಂತು. ಬೇಲಿ ಒಂದು ಕಡೆ ಮರಳಿನಡಿ ಹೂತಿದ್ದಲ್ಲಿ ಅಣ್ಣ ಗೊತ್ತಾಗದೆ ದಾಟಿ ತೈಲಬಾವಿಗಳ ಜಾಗಕ್ಕೆ ಹೋಗಿದ್ದ. ಕ್ಯಾನಿನ ಪೆಟ್ರೋಲೂ ಮುಗಿದು, ಬಗ್ಗಿಯ ಬಾವುಟ ಕಿತ್ತು ಕೈಯಲ್ಲಿ ಹಿಡಿದುಕೊಂಡು ಬೀಸುತ್ತ ನಿಂತಿದ್ದನಂತೆ. ಕಾವಲಿನವರು ಹಿಡಿದುಕೊಟ್ಟರು.

ಠಾಣೆಯಲ್ಲಿ ಅಣ್ಣ ಬೆಂಚಿನ ತುದಿಯಲ್ಲಿ ಕೂತಿದ್ದ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಮಣ್ಣು ಬಣ್ಣ. ಬಾವುಟದ ಕೋಲು ಇನ್ನೂ ಕೈಯಲ್ಲೇ. ನನ್ನನ್ನು ಕಂಡು ನಕ್ಕ, ತಮ್ಮ ಬಂದ ಇನ್ನು ತೊಂದರೆಯಿಲ್ಲ ಎನ್ನುವ ಹಾಗೆ. ಕಫೀಲ್ ನನ್ನ ಕಡೆ ತಿರುಗಿ, ಇವನನ್ನು ಅಲ್ಲಿಗೆ ಹೋಗಲು ಯಾರು ಹೇಳಿದ್ದು ಎಂದು ಅರಬಿಯಲ್ಲಿ ಕಿರುಚಿದ.

"ಹಾದಾ ನಫರ್ ಜದೀದ್. ಮಾಫಿ ಮಾಲೂಮ್" ಎಂದೆ. ಇವನು ಹೊಸ ಆಳು, ಏನೂ ಗೊತ್ತಿಲ್ಲ.

ಅಣ್ಣನಿಗೆ ಅರಬಿ ಬಾರದು. ನಾನು ಅವನ ಪರವಾಗಿ ಮಾತಾಡುತ್ತಿದ್ದೇನೆಂದು ತಿಳಿದು ಪ್ರತಿ ಮಾತಿಗೂ ತಲೆ ಆಡಿಸುತ್ತಿದ್ದ.

ವಾಪಸು ಬರುವಾಗ ಪಿಕಪ್ಪಿನಲ್ಲಿ ಕೇಳಿದ. "ತಮ್ಮ, ನೀ ಸೂರ್ಯನ ಬದಿಗೆ ಹೋಗು ಅಂದದ್ದಲ್ದಾ?"

ಇಲ್ಲಿಯವರೆಗಿನದನ್ನು ಗಡಿಬಿಡಿ ಎಂದು ಬೇಕಾದರೆ ಹೇಳಬಹುದು. ಇದಕ್ಕೆ ಆ ಹೆಸರಿಲ್ಲ.

"ಇಲ್ಲಪ್ಪ. ಸೂರ್ಯನಿಗೆ ಬೆನ್ನ್ ಹಾಕಿ ಹೋಗು ಅಂದೆ. ನಿನ್ ತಲೆ ತಿರ್ಗಿತ್ತ್ ಆಗ."

"ಹೌದಾ?" ಎಂದ. ಕಿಟಕಿಯ ಕಡೆ ತಿರುಗಿ ಮತ್ತೊಮ್ಮೆ, ತನಗೇ ಹೇಳಿಕೊಳ್ಳುವ ಹಾಗೆ, "ಹೌದಾ" ಎಂದ.

ಹಳೇ ಬಗ್ಗಿ ಠಾಣೆಯಲ್ಲೇ ಉಳಿಯಿತು, ಹುಡುಗರು ಬಿಟ್ಟುಹೋದ ಹೊಸದನ್ನು ಮಾರನೆಯ ದಿನ ಹುಡುಕಿ ತಂದೆವು. ಕಫೀಲ್ ಅಣ್ಣನನ್ನು ಅರ್ದಿಯಾದ ಗೋದಾಮಿಗೆ ಹಾಕಿದ. ತಗಡಿನ ಮಾಡು, ಕಿಟಕಿಯಿಲ್ಲ, ಹಗಲೂ ಟ್ಯೂಬ್‌ಲೈಟು. ಡೇರೆ ಮಡಚುವುದು, ಕಂಬಳಿ ಕೊಡವುವುದು, ಜನರೇಟರು ಒರೆಸುವುದು. ಅದನ್ನೂ ಅವನು ಶ್ರದ್ಧೆಯಿಂದ ಮಾಡಿದ. ಆದರೆ ಗೋದಾಮಿನವರೆಲ್ಲ ಇರುವ ರೂಮಿನಲ್ಲಿ ಸುದ್ದಿ ಹರಡಿತ್ತು. ಹೇಳಿದ್ದು ನಾನೇ, ನನ್ನ ತಪ್ಪನ್ನು ಬಿಟ್ಟು ಅವನು ದಾರಿ ತಪ್ಪಿದ್ದನ್ನು ಮಾತ್ರ. ಅಡುಗೆ ಮಾಡುವ ಮಂಗಳೂರಿನವನಿಗೆ ದಿನಾ ಒಂದು ತಮಾಷೆ ಸಿಕ್ಕಿತು.

"ತಾಂಡೇಲರೇ, ಬಾತ್‌ರೂಮ್ ಯಾವ ಕಡೆ ಉಂಟು ಗೊತ್ತುಂಟಲ್ಲ? ಇಲ್ಲದಿದ್ರೆ ಹೇಳಿ, ಹಗ್ಗ ಕಟ್ಟಿ ಬಿಡುವ. ಮತ್ತೆ ಸೌದಿಯಲ್ಲಿ ಹುಡುಕ್ಲಿಕ್ಕೆ ನಮ್ಮಿಂದ ಆಗುದಿಲ್ಲ ಮಾರಾಯ್ರೆ."

ಎಲ್ಲರೂ ನಗುತ್ತಿದ್ದರು, ಅಣ್ಣನೂ ನಗುತ್ತಿದ್ದ. ನಾನು ರಜೆಯ ದಿನ ಅಲ್ಲಿಗೆ ಹೋದಾಗ ನಾನೂ ನಕ್ಕಿದ್ದೇನೆ.

ಮೊದಮೊದಲು ನನಗೆ ಗೊತ್ತಾಗಲಿಲ್ಲ. ಅಣ್ಣ ಬಸ್ಸಿನಲ್ಲಿ ಪಕ್ಕದವನನ್ನು ಕೇಳದೆ ಇಳಿಯುತ್ತಿರಲಿಲ್ಲ, ದಿನಾ ಇಳಿಯುವ ಸ್ಟಾಪಿನಲ್ಲಿಯೂ. ನಮ್ಮ ಕಡೆ ಬಡಗಿಗೆ ತಲೆ ಹಾಕಿ ಮಲಗುವುದಿಲ್ಲ. ಬಂದ ಹೊಸತರಲ್ಲಿ ರೂಮಿನ ಮಂಚವನ್ನು ಯಾರನ್ನೂ ಕೇಳದೆ ಸರಿಯಾಗಿ ತಿರುಗಿಸಿಕೊಂಡವನು ಅವನು. ಈಗ ರೂಮು ಬದಲಾದಾಗ ನನಗೆ ಫೋನು ಮಾಡಿ, "ಬಡಗು ಯಾವ ಬದಿ ಅಂದೇಳಿ ಆ ಮೊಬೈಲಂಗೆ ಕಂಡ್ ಹೇಳ್ ತಮ್ಮ" ಎಂದ. ನಾನು ನೋಡಿ ಹೇಳಿದೆ. ಹೇಳಿ ಫೋನಿಟ್ಟ ಮೇಲೆ ಅನ್ನ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಯಾರ್ಡಿನ ಮೇಲ್ವಿಚಾರಣೆ ನನ್ನದು, ಕಫೀಲನಿಗೆ ತಿಳಿದರೆ ಅದು ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಈ ಚಳಿಗಾಲದ ಶುರುವಿನಲ್ಲಿ ಡೇರೆಗಳನ್ನು ಹೊರಗೆ ತೆಗೆಯಲು ನಾನೂ ಗೋದಾಮಿಗೆ ಹೋಗಿದ್ದೆ. ಅಣ್ಣನಿಗೆ ಊರಿನಿಂದ ಫೋನು ಬಂತು. ಹಳೇ ಧಣಿ. ಹೊಸ ಬೋಟು ಕಟ್ಟಿಸುತ್ತಿದ್ದಾನೆ, ಮಳೆಗಾಲ ಕಳೆದು ಕಡಲಿಗೆ ಇಳಿಸುವಾಗ ಇವನೇ ತಾಂಡೇಲನಾಗಿ ಬರಬೇಕಂತೆ. ಫೋನಿನ ಧ್ವನಿ ನನಗೂ ಕೇಳುತ್ತಿತ್ತು. ಅಣ್ಣನ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಅವನು ಹೇಳಿದ್ದು ಇದು:

"ಬ್ಯಾಡ ಧಣೀರೇ. ಬೇರೆಯವ್ರನ್ನ ಕಾಣಿ. ನಂಗ್ ಈಗ ಆತಿಲ್ಲ."

"ಎಂತಕೆ ಬ್ಯಾಡ ಅಂದೆ?" ಎಂದು ಕೇಳಿದೆ.

"ಎಂತಕಾ?" ಅವನು ಕಂಬಳಿಯ ಅಂಚು ಹಿಡಿದು ನನ್ನ ಕಡೆಗೆ ಇನ್ನೊಂದು ಅಂಚು ಎಸೆದ, ಮಡಚಲು. "ನೀ ಮೂಡಿಗೆ ಹೋಗು ಅಂದ್ರೆ ಪಡುವಿಗೆ ಹೋಪವ, ಇಪ್ಪತ್ತ್ ಜನರ್ನ ಬೋಟಂಗೆ ಕೂರ್ಸ್ಕಂಡ್ ಎಲ್ಲಿಗೆ ಹೋಪುದ್? ಕಣ್ಣೆದ್ರ್ ಸೂರ್ಯ ಇದ್ದೂ ನಂಗ್ ಗೊತ್ತಾಯ್ಲಿಲ್ಲ ಅಂದ್ರೆ ತಲೆ ಹೋಯ್ತ್ ಅಂತ್ಲೇ ಲೆಕ್ಕ. ಕಡಲಂಗೆ ಅದೊಂದೇ ಅಲ್ದಾ ಬೇಕಾದ್ದ್?"

ನನ್ನ ಬದಿಯ ಅಂಚನ್ನು ಕೆಳಗೆ ಬಿಟ್ಟೆ.

"ಅಣ್ಣ, ನಾನ್ ಸೂರ್ಯನ ಬದಿಗೆ ಹೋಗು ಅಂದದ್ದೇ. ನೀ ಕೇಳಿದ್ದ್ ಸರಿ. ನಾನ್ ಆ ದಿನ ಪಿಕಪ್ಪಂಗೆ ಸುಳ್ಳ್ ಹೇಳ್ದೆ."

ಅವನು ಕಂಬಳಿಯ ಅಂಚು ಹಿಡಿದೇ ನಿಂತಿದ್ದ.

"ಸರಿ ಹೇಳ್. ಎಂತ ಅಂದದ್ದ್ ನೀನ್?"

ಮೊದಲಿನಿಂದ ಹೇಳಿದೆ. ನೆರಳು ನೋಡಿದ್ದು, ಮೆಕ್ಯಾನಿಕ್ಕನಿಗೆ ಹೇಳಿದ್ದು, ಠಾಣೆಯಲ್ಲಿ ಅರಬಿಯಲ್ಲಿ ಹೇಳಿದ್ದು. ಅವನು ಬಯ್ಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ನಾನು ಕಾದಿದ್ದೆ. ಹೇಳಿದ ಮೇಲೆ ಅವನ ತಲೆ ಸರಿಯಿದೆ ಎಂದು ಅವನಿಗೆ ಗೊತ್ತಾಗುತ್ತದೆ, ಅಷ್ಟಾದರೆ ಸಾಕು ಎಂದುಕೊಂಡಿದ್ದೆ.

"ಹಾಂಗಾರೆ ನಂಗ್ ಗೊತ್ತಿತ್ತ್" ಎಂದ.

"ಹೌದು ಅಣ್ಣ. ನಿಂಗ್ ಗೊತ್ತಿತ್ತ್. ನೀ ಮೂಡು ಅಂದಿದ್ದೆ. ಈಗ ಧಣಿಗೆ ಫೋನ್ ಮಾಡ್."

"ಗೊತ್ತಿದ್ದೂ ನಾನ್ ಪಡುವಿಗೆ ಹೋದೆ." ಅವನು ಕಂಬಳಿಯನ್ನು ಒಬ್ಬನೇ ಮಡಚತೊಡಗಿದ. "ನೀ ಒಂದ್ ಸಲ ಜೋರ್ ಮಾಡಿದ್ದೇ ಸೈ, ಗೊತ್ತಿದ್ದದ್ದನ್ನ ಬಿಟ್ಟ್ ನಿನ್ ಮಾತ್ ಕೇಳ್ದೆ. ಬೋಟಂಗೆ ನಾಳೆ ಮತ್ತೊಬ್ಬ ಹೀಂಗೇ ಜೋರ್ ಮಾಡ್ರೆ? ಅದ್ ತಲೆ ಹೋದದ್ದಕ್ಕಿಂತ ಹೆಚ್ಚಲ್ದಾ ತಮ್ಮ?"

ವರ್ಷವಿಡೀ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೇಳಿದರೆ ಅವನ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಅದು ಒಂದು ಹೆಗಲಿನಿಂದ ಅವನದೇ ಇನ್ನೊಂದು ಹೆಗಲಿಗೆ ಹೋಯಿತು. ಆಗಲೇ ಹೇಳಿದ್ದರೆ ಅವನು ನನ್ನನ್ನು ಬೈದು, ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಸರಿಯಾಗುತ್ತಿದ್ದ. ಒಂದು ವರ್ಷ ಅವನು ತನ್ನನ್ನು ತಾನೇ ನಂಬದೆ ಬದುಕುವ ಹಾಗೆ ಮಾಡಿ, ಈಗ ನಂಬು ಎಂದರೆ ಹೇಗೆ ನಂಬಬೇಕು?

"ಕಫೀಲನಿಗೆ ಹೇಳಿದ್ಯಾ?" ಎಂದು ಮಾತ್ರ ಕೇಳಿದ.

"ಇಲ್ಲ."

"ಹೇಳ್. ರೂಮಂಗೂ ಹೇಳ್."

ಕಫೀಲನಿಗೆ ಹೇಳಲು ಎರಡು ಸಲ ಹೋಗಿ ಟೀ ಕುಡಿದು ವಾಪಸು ಬಂದೆ. ಮೂರನೆಯ ಸಲ ಹೇಳಿದೆ. ಅವನು ಫೋನಿನಿಂದ ಕಣ್ಣೆತ್ತಲಿಲ್ಲ. ಯಾವ ಬಗ್ಗಿ ಎಂದು ಕೇಳಿದ. ಹೋದ ವರ್ಷದ್ದು ಎಂದೆ. "ಖಲಾಸ್, ಖಲಾಸ್" ಎಂದು ಕೈ ಬೀಸಿದ, ನೊಣ ಓಡಿಸಿದ ಹಾಗೆ. ಅಣ್ಣನನ್ನು ಯಾರ್ಡಿಗೆ ಕಳಿಸಿ ಎಂದೆ. ಗೋದಾಮಿನಲ್ಲಿ ಅವನಷ್ಟು ಒಳ್ಳೆಯ ಕೆಲಸದವನಿಲ್ಲ, ಅಲ್ಲೇ ಇರಲಿ ಎಂದ. ನನ್ನ ಮೇಲ್ವಿಚಾರಣೆಯ ಮಾತು ಬರಲೇ ಇಲ್ಲ. ಯಾವುದು ಹೋಗುತ್ತದೆಂದು ಹೆದರಿ ಅಣ್ಣನ ಒಂದು ವರ್ಷ ತಿಂದೆನೋ ಅದು ಹೋಗುವಂಥದ್ದೇ ಆಗಿರಲಿಲ್ಲ. ಅವತ್ತಿನಷ್ಟು ಸಿಟ್ಟು ನನಗೆ ನನ್ನ ಮೇಲೆ ಯಾವತ್ತೂ ಬಂದಿಲ್ಲ.

ರೂಮಿನಲ್ಲಿ ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿದೆ. ಮಂಗಳೂರಿನವನು ಸೌಟು ಹಿಡಿದು ನಿಂತೇ ಕೇಳಿದ.

"ಅಂದ್ರೆ ದಾರಿ ತಪ್ಪಿದ್ದು ತಾಂಡೇಲರಲ್ಲ, ನೀವಾ? ಅದೂ ಯಾರ್ಡಲ್ಲೇ ಕೂತ್ಕೊಂಡು? ಯಬ್ಬ! ಕೂತಲ್ಲೇ ದಾರಿ ತಪ್ಪುದು ನಾನು ಇವತ್ತೇ ಕೇಳಿದ್ದು."

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ಮಂಗಳೂರಿನವನು ಅದನ್ನು ನೋಡಿ ಸೌಟು ಕೆಳಗಿಟ್ಟು, ಮೀನಿನ ದೊಡ್ಡ ತುಂಡನ್ನು ಅಣ್ಣನ ತಟ್ಟೆಗೆ ಹಾಕಿದ. "ತಪ್ಪು ತಿಳ್ಕೊಳ್ಬೇಡಿ ಆಯ್ತಾ" ಎಂದ. ಅಣ್ಣ ತಲೆ ತಗ್ಗಿಸಿ ಮುಳ್ಳು ಬಿಡಿಸುತ್ತಿದ್ದ. ಅಂದಿನಿಂದ ಅವನು ನನಗೆ ಫೋನು ಮಾಡುವುದನ್ನು ಬಿಟ್ಟ.

ಕೆಲವು ವಾರಗಳ ಮೇಲೆ, ಗಿರಾಕಿಗಳಿಲ್ಲದ ಒಂದು ಮಂಗಳವಾರ, ಗೋದಾಮಿನ ಪಿಕಪ್ ಯಾರ್ಡಿನ ಮುಂದೆ ನಿಂತಿತು. ಹತ್ತಿರದ ಕ್ಯಾಂಪಿಗೆ ಡೇರೆ ಇಳಿಸಿ ಬಂದಿದ್ದರು. ಡ್ರೈವರ್ ಟೀ ಕುಡಿಯಲು ಕೂತ. ಅಣ್ಣ ಇಳಿದು ಸೀದಾ ಬಗ್ಗಿಗಳ ಸಾಲಿಗೆ ಹೋದ. ಒಂದರ ಟೈರನ್ನು ಕಾಲಿನಿಂದ ಒತ್ತಿ ನೋಡಿದ.

"ಕೀ ಕೊಡ್."

"ನಾನೂ ಬತ್ತೆ ಅಣ್ಣ."

"ಬ್ಯಾಡ."

"ಹಾಂಗಾರೆ ನನ್ ಫೋನಾರೂ ಹಿಡ್ಕೋ, ಮ್ಯಾಪ್ ಇತ್ತ್."

"ಅದನ್ನ ನೀ ಇಟ್ಕೋ. ನಿಂಗೇ ಬೇಕಾತ್."

ಹೊರಟ. ಬೆಂಕಿಯಂಥ ಬಿಸಿಲೇನೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಸೂರ್ಯ ಸ್ವಲ್ಪ ಇಳಿದಿದ್ದ. ಅಣ್ಣ ಅವನ ಕಡೆಗೇ ಮುಖ ಮಾಡಿ ಸೀದಾ ಒಳಗೆ ಬಿಟ್ಟ. ಮೊದಲು ಸದ್ದು ಸಣ್ಣದಾಯಿತು, ಆಮೇಲೆ ತಲೆ ಮರೆಯಾಯಿತು, ಬಾವುಟ ಮಾತ್ರ ದಿಬ್ಬದ ಮೇಲೆ ಎರಡು ಸಲ ಕಂಡು ಮುಳುಗಿತು. ನಾನು ಫೋನು ಕೈಯಲ್ಲಿ ಹಿಡಿದು ನಿಂತೆ. ಮಾಡುವುದು ಯಾರಿಗೆ? ಅವನ ಫೋನು ಪಿಕಪ್ಪಿನ ಸೀಟಿನ ಮೇಲೆಯೇ ಇತ್ತು, ಬೇಕೆಂದೇ ಬಿಟ್ಟಿದ್ದ. ಡ್ರೈವರ್ ಟೀ ಮುಗಿಸಿ ಹಾರ್ನ್ ಹೊಡೆದ. "ಯಲ್ಲಾ ಭಾಯಿ, ನಿನ್ನಣ್ಣ ಎಲ್ಲಿ?" ಎಂದು ಬೊಬ್ಬೆ ಹಾಕಿದ. ಬರುತ್ತಾನೆ ಎಂದೆ. ಪಿಕಪ್ಪಿಗೆ ಒರಗಿ, ಯಾವ ಕಡೆಯಿಂದ ಬರುತ್ತಾನೆಂದು ಅವನು ಹೋದ ಗಾಲಿ ಗುರುತನ್ನೇ ನೋಡುತ್ತಿದ್ದೆ.

ಬಂದದ್ದು ಆ ಕಡೆಯಿಂದ ಅಲ್ಲ. ತೆಂಕುಬದಿಯಲ್ಲಿ, ನಾನು ನೋಡದ ಕಡೆ, ಸದ್ದು ಕೇಳಿತು. ತಿರುಗಿದಾಗ ಬಾವುಟ ಆಗಲೇ ಹತ್ತಿರದಲ್ಲಿತ್ತು. ತನ್ನ ಗುರುತು ಬಿಟ್ಟು ಬೇರೆಯೇ ದಾರಿಯಲ್ಲಿ ದೊಡ್ಡ ಸುತ್ತು ಹಾಕಿ, ಸೂರ್ಯನಿಗೆ ಬೆನ್ನು ಹಾಕಿ ಬಂದಿದ್ದ. ಇಂಜಿನ್ ನಿಲ್ಲಿಸಿ ಇಳಿದ. ಹುಬ್ಬಿನ ಮೇಲೆ ಮಣ್ಣು.

"ಬೆಲ್ಟ್ ಸಡಿಲ ಇತ್ತ್, ಕಾಣ್" ಎಂದು ಕೀ ನನ್ನ ಕೈಯಲ್ಲಿಟ್ಟ.

"ಧಣಿಗೆ ಫೋನ್ ಮಾಡ್ತ್ಯಾ ಅಣ್ಣ?"

"ಅದ್ ನಿಂಗೆಂತಕೆ?" ಪಿಕಪ್ಪಿನ ಬಾಗಿಲು ತೆಗೆದವನು ಹತ್ತಲಿಲ್ಲ, ತಿರುಗಿ ನಿಂತ. "ಈಗ ಹೇಳ್. ಕಡಲ್ ಯಾವ ಬದಿ?"

ನನ್ನ ಕೈ ಥಟ್ಟನೆ ಏಳಲು ಹೊರಟಿತ್ತು. ಅದನ್ನು ತಡೆದು, ಮೊದಲು ಸೂರ್ಯ ಎಲ್ಲಿದ್ದಾನೆಂದು ನೋ‍ಡಿದೆ, ಆಮೇಲೆ ಕೆಳಗೆ ನನ್ನ ನೆರಳು ನೋಡಿದೆ. ನೋಡಿ, ರಸ್ತೆಯ ಆಚೆಗೆ ತೋರಿಸಿದೆ.

"ಮೂಡು" ಎಂದೆ.

"ಹ್ಞಾಂ. ಕಂಡ್ ಹೇಳೂಕೆ ಕಲಿ" ಎಂದು ಹತ್ತಿ ಕೂತ. ಪಿಕಪ್ ಹೆದ್ದಾರಿಗೆ ಏರುವಾಗ ಸೀಟಿನ ಮೇಲಿದ್ದ ಫೋನನ್ನು ಅವನು ಕೈಗೆತ್ತಿಕೊಳ್ಳುವುದು ಹಿಂದಿನ ಗಾಜಿನಲ್ಲಿ ಕಂಡಿತು. ಯಾರಿಗೆ ಮಾಡಿದ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳುವ ಹಕ್ಕು ನನಗಿಲ್ಲ. ಬಗ್ಗಿಯನ್ನು ಒಳಗೆ ತಂದು, ಕವರು ಬಿಚ್ಚಿ, ಬೆಲ್ಟು ನೋಡಿದೆ. ಅವನು ಹೇಳಿದ ಹಾಗೆಯೇ ಸಡಿಲವಾಗಿತ್ತು. ಬೆಳಿಗ್ಗೆ ಅದನ್ನು ಪರೀಕ್ಷಿಸಿ ಸರಿಯಿದೆ ಎಂದು ಸಾಲಿನಲ್ಲಿ ನಿಲ್ಲಿಸಿದವನು ನಾನೇ.